ತಣ್ಣೀರಿನಲ್ಲಿ ಇಡುವಂಥದ್ದು

ನಮ್ಮ ಮನೆಯಲ್ಲಿ ಮೂವರು ಮೂರು ಕಡೆ ಕುಳಿತು ಉಣ್ಣುತ್ತಿದ್ದೆವು. ಅಪ್ಪ ಮುಂದಿನ ಕೋಣೆಯಲ್ಲಿ, ರೋಗಿಗಳೆಲ್ಲ ಹೋದ ಮೇಲೆ, ಔಷಧಿಯ ಕಪಾಟಿಗೆ ಬೆನ್ನು ಕೊಟ್ಟು ಒಂದು ಸ್ಟೂಲಿನ ಮೇಲೆ. ನಾನು ನಡುಮನೆಯಲ್ಲಿ, ಗೋಡೆಗೆ ಮುಖ ಮಾಡಿ, ಮಣೆಯ ಮೇಲೆ. ಅವ್ವ ಅಡುಗೆಮನೆಯಲ್ಲಿ, ನಾವಿಬ್ಬರೂ ಉಂಡು ಕೈತೊಳೆದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು. ಆ ಬಾಗಿಲಿಗೆ ಅವಳು ಅಗಳಿ ಹಾಕುತ್ತಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಬಾಗಿಲು ಮುಂದಾಗಿದ್ದರೆ ಒಳಗೆ ಹೋಗಬಾರದು ಎಂದು ನನಗೆ ಯಾರು ಹೇಳಿದರೋ ನೆನಪಿಲ್ಲ. ನಡೆಯಲು ಕಲಿತಾಗಲೇ ಅದನ್ನೂ ಕಲಿತಿದ್ದೆ ಎಂದು ಕಾಣುತ್ತದೆ. ಅಪ್ಪನ ಕೋಣೆಯಿಂದ ಕಡಕ್ ರೊಟ್ಟಿ ಮುರಿಯುವ ಸದ್ದು ಬರುತ್ತಿತ್ತು. ಹಪ್ಪಳದಷ್ಟು ತೆಳ್ಳಗೆ ಬಡಿದು, ಕಾವಿಗೆ ಒಣಗಿಸಿ, ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿ ಅದು. ಅದನ್ನು ಸದ್ದಿಲ್ಲದೆ ತಿನ್ನುವುದು ಯಾರಿಗೂ ಸಾಧ್ಯವಿಲ್ಲ. ಅಪ್ಪನಿಗೆ ಹಲ್ಲೆಲ್ಲ ತಮ್ಮವೇ ಇದ್ದವು. ಅಡುಗೆಮನೆಯ ಕಡೆಯಿಂದ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಒಳಗೆ ಒಬ್ಬರು ಉಣ್ಣುತ್ತಿದ್ದಾರೆ ಎಂಬುದಕ್ಕೆ ಕೊನೆಯಲ್ಲಿ ತಾಟು ತೊಳೆಯುವ ನೀರಿನ ಸದ್ದೊಂದೇ ಗುರುತು.

ಮನೆ ಸೊಲ್ಲಾಪುರದಲ್ಲಿ, ಗಿರಣಿಗಳಿಗೆ ಹತ್ತಿರದ ಒಂದು ಓಣಿಯಲ್ಲಿತ್ತು. ಗಿರಣಿಯ ಭೋಂಗಾ ಕೂಗಿದರೆ ಕಪಾಟಿನೊಳಗಿನ ಗಾಜಿನ ಸೀಸೆಗಳು ಸಣ್ಣಗೆ ನಡುಗುತ್ತಿದ್ದವು. ಮುಂದಿನ ಕೋಣೆಯೇ ಅಪ್ಪನ ಹಲ್ಲಿನ ದವಾಖಾನೆ. ಅದಕ್ಕೂ ನಡುಮನೆಗೂ ನಡುವೆ ಗೋಡೆಯ ಬದಲು ಒಂದು ಹಸಿರು ಪರದೆ. ಹೊರಗಿನ ಫಲಕ ಮರಾಠಿಯಲ್ಲಿತ್ತು, ನನ್ನ ಸಾಲೆ ಮರಾಠಿಯದು, ಮನೆಯ ಮಾತು ಮಾತ್ರ ಕನ್ನಡ. ಈ ಭಾಷೆಯನ್ನು ನಾನು ಓದಲು, ಬರೆಯಲು ಕಲಿತದ್ದು ಕಾಲೇಜಿಗೆಂದು ಧಾರವಾಡಕ್ಕೆ ಬಂದ ಮೇಲೆ. ಹೀಗಾಗಿ ಅವ್ವ ಅಪ್ಪನನ್ನು ಈ ಅಕ್ಷರಗಳಲ್ಲಿ ಕೂಡಿಸುವಾಗ ಅವರನ್ನು ಗುರುತಿಲ್ಲದವರ ಮನೆಗೆ ಕರೆತಂದಂತೆ ನನಗೆ ಸಂಕೋಚವಾಗುತ್ತದೆ. ಇಬ್ಬರೂ ಇಂಥ ಕಡೆ ಬಾಗಿಲಲ್ಲೇ ನಿಲ್ಲುವವರು. ಅಪ್ಪನದು ಮನೆಯಲ್ಲಿ ಮಾತು ಬಹಳ ಕಡಿಮೆ. ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಬಾಯಿ ತೆರೆದು ಕುರ್ಚಿಗೆ ಒರಗಿದವರ ಜೊತೆ. ಮಳೆ, ಜೋಳದ ಧಾರಣೆ, ಮುಂಬಯಿಯಲ್ಲಿ ತಾವು ಕಲಿಯುವಾಗ ಕಂಡ ಸಮುದ್ರ, ಎಲ್ಲವನ್ನೂ ಅವರಿಗೆ ಹೇಳುತ್ತಿದ್ದರು. ಅವರು ಉತ್ತರ ಕೊಡುವ ಹಾಗಿರಲಿಲ್ಲ. ನಾನು ಪರದೆಯ ಈಚೆ ಕುಳಿತು ಲೆಕ್ಕ ಬಿಡಿಸುತ್ತ, ನನ್ನ ಅಪ್ಪನ ಬಗ್ಗೆ ನನಗೆ ತಿಳಿದಿದ್ದಷ್ಟನ್ನೂ ಹಾಗೆ ಕೇಳಿಯೇ ತಿಳಿದುಕೊಂಡೆ.

ಮನೆಗೆ ಒಂದೇ ಒಂದು ಕಾನೂನು ಇತ್ತು. ಬಾಯೊಳಗೆ ಹೋದದ್ದೆಲ್ಲ ಕುದಿಯಬೇಕು. ಇಕ್ಕಳ, ಸೂಜಿ, ಸಣ್ಣ ಕನ್ನಡಿ, ಕೊಕ್ಕೆಯಂಥ ಸಲಾಕೆಗಳು, ಎಲ್ಲವನ್ನೂ ಅವ್ವ ಬೆಳಿಗ್ಗೆ ಸಂಜೆ ಸ್ಟೋವಿನ ಮೇಲೆ ಹಿತ್ತಾಳೆಯ ಭಗೋಣಿಯಲ್ಲಿ ಕುದಿಸುತ್ತಿದ್ದಳು. ಈ ಕಾನೂನು ದವಾಖಾನೆಯ ಪರದೆ ದಾಟಿ ಒಳಗೂ ಬಂದಿತ್ತು. ನಾನು ಕಚ್ಚಿದ ಪೆನ್ಸಿಲು ಕುದಿಯುತ್ತಿತ್ತು. ಬಂದ ನೆಂಟರು ನೀರು ಕುಡಿದ ಲೋಟ ಅವರು ಹೊಸ್ತಿಲು ದಾಟುವ ಮೊದಲೇ ಕುದಿಯುತ್ತಿತ್ತು. ಅದರಿಂದ ಸಿಟ್ಟಾಗಿ ಬರುವುದನ್ನೇ ಬಿಟ್ಟವರೂ ಇದ್ದರು. ಅಪ್ಪನ ಇನ್ನೊಂದು ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟಿಗೆ ನಮ್ಮ ಕಡೆ ಮರಾಠಿಯಿಂದ ಬಂದ ಕವಳಿ ಎಂಬ ಮಾತೇ ಬಳಕೆ. ಹೊಸ ಕವಳಿ ಹಾಕಿಸಿಕೊಂಡವರು ಕಡಕ್ ರೊಟ್ಟಿಯ ಒಂದು ತುಂಡು ಕಡಿದು, ನುರಿಸಿ, ನುಂಗಿ ತೋರಿಸದೆ ಮನೆಗೆ ಹೋಗುವ ಹಾಗಿರಲಿಲ್ಲ. ರೊಟ್ಟಿಯ ಬುಟ್ಟಿ ಕುರ್ಚಿಯ ಪಕ್ಕದಲ್ಲೇ ತೂಗುತ್ತಿತ್ತು. ವಾಗದರಿಯ ಕಡೆಯಿಂದ ಕುರಿ ಕಾಯುವ ಒಬ್ಬ ಮುದುಕ ಬಂದಿದ್ದ. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರದ ಅರಿಶಿನ. ತುಂಡನ್ನು ಕಡಿಯಲಾರದೆ ಕಣ್ಣಲ್ಲಿ ನೀರು ತಂದುಕೊಂಡು ಅವನು ಹೇಳಿದ:

“ಸಾಹೇಬ್ರ, ಹಲ್ಲ ನಿಮ್ಮವು, ರೊಟ್ಟಿನೂ ನಿಮ್ದು. ಬಾಯಿ ಒಂದ ನಂದು. ಅದಕ್ಕರ ಒಂದೀಟ ದಯಾ ತೋರಸ್ರಿ.”

“ಕಡೀ ಮಾಮಾ. ಇಲ್ಲಿ ಕಡೀಲಿಲ್ಲಂದ್ರ ಮನ್ಯಾಗ ಹ್ಯಾಂಗ ಕಡೀತಿ?”

“ಮನ್ಯಾಗ ಯಾವಾಕಿ ಕಡಕ್ ರೊಟ್ಟಿ ಕೊಡ್ತಾಳ್ರಿ? ಸೊಸಿ ಅಂಬಲಿ ಕೊಡ್ತಾಳ.”

ಕಾಯುತ್ತ ಕುಳಿತವರೆಲ್ಲ ನಕ್ಕರು. ಪರದೆಯ ಈಚೆ ಅವ್ವನೂ ನಕ್ಕದ್ದನ್ನು ನಾನು ಅವಳ ಭುಜದಿಂದ ತಿಳಿದೆ. ಬಾಯಿಗೆ ಸೆರಗು ಬಂದಿತ್ತು. ಅವ್ವನ ನಗು ನನ್ನ ಪಾಲಿಗೆ ಭುಜದಲ್ಲೇ ಇರುವ ವಸ್ತು.

ಅವ್ವನ ಬಾಯಲ್ಲಿ ಒಂದೂ ಸ್ವಂತ ಹಲ್ಲು ಇರಲಿಲ್ಲ. ನಾನು ಹುಟ್ಟಿದ ಮೇಲೆ ಅವಳ ಒಸಡು ಬಾತು, ಒತ್ತಿದರೆ ಕೀವು ಬರತೊಡಗಿ, ಹಗಲೆಲ್ಲ ಸಣ್ಣ ಜ್ವರ ಇರುತ್ತಿತ್ತಂತೆ. ಆಗ ಅಪ್ಪನಂಥವರಿಗೆ ಕಲಿಸಿದ್ದೇ ಹಾಗೆ. ಹಲ್ಲಿನ ಬುಡದ ವಿಷ ರಕ್ತಕ್ಕೆ ಇಳಿಯುತ್ತದೆ, ಕೀಲಿಗೆ, ಎದೆಗೆ ಹೋಗುತ್ತದೆ, ಆದ್ದರಿಂದ ಬಾಯಿಯನ್ನೇ ಖಾಲಿ ಮಾಡಬೇಕು. ಅಪ್ಪ ಅವಳನ್ನು ಅದೇ ಕುರ್ಚಿಯಲ್ಲಿ ಕೂಡಿಸಿ, ದಿನ ಬಿಟ್ಟು ದಿನ, ಗಟ್ಟಿಯಾಗಿದ್ದವನ್ನೂ ಸೇರಿಸಿ ಎಲ್ಲವನ್ನೂ ಕಿತ್ತರು. ಅವ್ವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಇದನ್ನು ನನಗೆ ಹೇಳಿದವಳು ಅಕ್ಕಲಕೋಟೆಯ ನನ್ನ ಮಾವಶಿ, ಅಂದರೆ ಅವ್ವನ ಅಕ್ಕ. ಅವ್ವ ಎಂದೂ ಹೇಳಲಿಲ್ಲ. ಆಮೇಲೆ ಅಪ್ಪ ಅವಳಿಗೆ ರಬ್ಬರಿನ ಕವಳಿ ಮಾಡಿಕೊಟ್ಟರು. ಆಗ ಎಲ್ಲ ಕವಳಿಗಳೂ ರಬ್ಬರಿನವೇ. ಮೆತ್ತನೆಯ ರಬ್ಬರಿನ ಹಾಳೆಯನ್ನು ಅಚ್ಚಿಗೆ ತುಂಬಿ, ಹಿತ್ತಲಲ್ಲಿ ಒಂದು ಕಬ್ಬಿಣದ ಹಂಡೆಯೊಳಗೆ ಉಗಿಯ ಒತ್ತಡದಲ್ಲಿ ಬೇಯಿಸಿದರೆ ಅದು ಕಟ್ಟಿಗೆಯಷ್ಟು ಗಟ್ಟಿಯಾಗುತ್ತಿತ್ತು. ಆ ದಿನ ಮನೆಯ ತುಂಬ ಗಂಧಕದ ವಾಸನೆ. ಒಣಹಾಕಿದ ಸೀರೆಗೂ, ತಲೆಗೂದಲಿಗೂ ಅದೇ ವಾಸನೆ. ಬಣ್ಣ ಮಾತ್ರ ಬಾಯಿಯದಲ್ಲ, ಹಳೆಯ ಇಟ್ಟಿಗೆಯದು. ಮಾತಾಡಿದರೆ ಕೆಂಗಪ್ಪು ಅಂಚು ಕಾಣುತ್ತಿತ್ತು, ಮೇಲಿನದು ಸಡಿಲಾಗಿ ಟಕ್ ಎಂದು ಸದ್ದು ಮಾಡುತ್ತಿತ್ತು. ಅದನ್ನು ಹಾಕಿಕೊಂಡು ಅವ್ವ ಮಾತಾಡುತ್ತಿದ್ದಳು, ಕಡಿಮೆ; ಉಣ್ಣಲು ಅದರಿಂದ ಆಗುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಅವಳು ಅದನ್ನು ತೆಗೆದಿಟ್ಟು ಉಣ್ಣುತ್ತಿದ್ದಳು. ಆಮೇಲೆ ಇಕ್ಕಳ, ಸೂಜಿಗಳ ಜೊತೆ ಅದೂ ಭಗೋಣಿಯಲ್ಲಿ ಕುದಿಯುತ್ತಿತ್ತು. ರಬ್ಬರು ಅದಕ್ಕೆಲ್ಲ ಜಗ್ಗುವ ವಸ್ತುವಲ್ಲ.

ನನ್ನ ಸಾಲೆಯ ಗೆಳತಿ ಒಬ್ಬಳ ಮನೆಗೆ ಒಮ್ಮೆ ಮಧ್ಯಾಹ್ನ ಹೋಗಿದ್ದೆ. ಅವಳ ಅವ್ವ ಮಕ್ಕಳ ನಡುವೆ ಕುಳಿತು, ತನ್ನ ತುತ್ತನ್ನು ಅರ್ಧ ಕಡಿದು, ಶೇಂಗಾ ಚಟ್ನಿ ಹೆಚ್ಚು ಖಾರವಾಗಿದೆಯೋ ಎಂದು ಕೇಳುತ್ತ, ಬಾಯಿ ತುಂಬಿಕೊಂಡೇ ಯಾರನ್ನೋ ಬಯ್ಯುತ್ತಿದ್ದಳು. ಒಂದು ಬಾಯಿ ಏಕಕಾಲಕ್ಕೆ ಇಷ್ಟೆಲ್ಲ ಮಾಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ನನ್ನ ಮಣೆಯನ್ನು ಅಡುಗೆಮನೆಯ ಬಾಗಿಲಿನ ಹತ್ತಿರಕ್ಕೆ ಎಳೆದುಕೊಂಡೆ. ನಾನು ಉಂಡೆದ್ದ ಮೇಲೆ ಅವ್ವ ಮಣೆಯನ್ನು ಮೊದಲಿನ ಜಾಗಕ್ಕೆ ತಂದಿಟ್ಟು, ಬಾಗಿಲು ಮುಂದೆ ಮಾಡಿಕೊಂಡಳು. ಅವಳು ನನ್ನ ಎದುರಿಗೆ ಕುಳಿತು ಉಣ್ಣಬೇಕು, ಅಷ್ಟೇ. ಆ ವಯಸ್ಸಿನಲ್ಲಿ ಬೇರೆ ಹುಡುಗಿಯರು ಬೇಡುವ ರಿಬ್ಬನ್ನು, ಬಳೆ ಯಾವುದನ್ನೂ ನಾನು ಬೇಡಿದ ನೆನಪಿಲ್ಲ. ಇದನ್ನೂ ಬೇಡಲಿಲ್ಲ, ಬಯಸಿದೆ.

ನಾನು ಪ್ರಾಥಮಿಕ ಸಾಲೆ ಮುಗಿಸುವ ಹೊತ್ತಿಗೆ ಮುಂದಿನ ಕೋಣೆ ಬದಲಾಗತೊಡಗಿತು. ಹೊಲಿಗೆಯ ಮಷೀನಿನ ಹಾಗೆ ಕಾಲಿನಿಂದ ತುಳಿದು ಹಲ್ಲು ಕೊರೆಯುವ ಯಂತ್ರ ಮೂಲೆಗೆ ಹೋಯಿತು. ಅದರ ಜಾಗಕ್ಕೆ ವಿದ್ಯುತ್ತಿನದು ಬಂತು. ಅದರ ಹುರಿ ಸಣ್ಣ ಗಾಲಿಗಳ ಮೇಲೆ ಓಡುವಾಗ ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತು. ಅಚ್ಚು ತೆಗೆಯಲು ಬಾಯಿಗೆ ತುಂಬುತ್ತಿದ್ದ ಪ್ಲಾಸ್ಟರು ಗಟ್ಟಿಯಾದರೆ ಚೂರು ಚೂರಾಗಿ ಮುರಿದೇ ತೆಗೆಯಬೇಕಿತ್ತು. ಈಗ ನೀರಲ್ಲಿ ಕಲಸಿದರೆ ಗಿಣ್ಣದ ಹಾಗೆ ಹೆಪ್ಪುಗಟ್ಟಿ, ಇಡಿಯಾಗಿ ಹೊರಗೆ ಬರುವ ಪುಡಿ ಬಂದಿತ್ತು. ಅಪ್ಪ ಮುಂಬಯಿಗೆ ಹೋಗಿ ಕೆಲವು ದಿನ ಇದ್ದು ಬಂದರು. ಬಂದ ಮೇಲೆ ಅವರ ಕೈಯೂ ಬದಲಾಗಿತ್ತು. ಕಿತ್ತುಹಾಕುತ್ತಿದ್ದ ಹಲ್ಲುಗಳನ್ನು ಅವರು ಕೀಳದೆ ಬಿಡತೊಡಗಿದರು.

ಹೆಂಗಸರು ಕುರ್ಚಿಯಲ್ಲಿ ಕುಳಿತಾಗ ಅವ್ವ ಪಕ್ಕದಲ್ಲಿ ನಿಲ್ಲುವುದು ವಾಡಿಕೆ. ಒಂದು ದಿನ ತಡವಳದಿಂದ ಒಬ್ಬ ಹುಡುಗಿ ಬಂದಳು. ಹೊಸ ಬಾಣಂತಿ, ಕೂಸು ಅತ್ತೆಯ ತೊಡೆಯ ಮೇಲಿತ್ತು. ಒಸಡು ಬಾತು ತುಟಿ ಮುಚ್ಚಲು ಬರುತ್ತಿರಲಿಲ್ಲ. ಅವಳು ಆಗಲೇ ಅಳುತ್ತಿದ್ದಳು.

“ಎಲ್ಲಾ ತೆಗೀತಾರಂತ ಹೇಳ್ಯಾರ್ರಿ ಊರಾಗ. ತೆಗೀಬ್ಯಾಡ್ರಿ ಡಾಕ್ಟರ್ರ. ನಮ್ಮವರು ನೋಡಂಗಿಲ್ರಿ ನನ್ನ.”

ಅಪ್ಪ ಕನ್ನಡಿ ಇಳಿಸಿ ನೋಡಿದರು. “ಯಾರ ಹೇಳಿದ್ರು? ಇವು ಉಳೀತಾವ. ಒಸಡಿನ ಒಳಗ ಕಲ್ಲ ಕಟ್ಟ್ಯಾದ, ಅದನ್ನ ಕೆರದ ತೆಗೀತೀನಿ. ನಾಕ ಸಲ ಬರಬೇಕು, ಅಷ್ಟ. ಈಗೆಲ್ಲಾ ಯಾರೂ ಹಲ್ಲ ಕೀಳಂಗಿಲ್ಲ ಇದಕ್ಕ.”

ಹುಡುಗಿಯ ಭುಜ ಹಿಡಿದು ನಿಂತಿದ್ದ ಅವ್ವ ಕೇಳಿದಳು:

“ಯಾವಾಗಿಂದ್ರಿ?”

ಅದರಲ್ಲಿ ಕೊಂಕು ಇರಲಿಲ್ಲ. ಅಂಗಡಿಯಲ್ಲಿ ಸಕ್ಕರೆಯ ಧಾರಣೆ ಯಾವಾಗಿನಿಂದ ಏರಿತು ಎಂದು ಕೇಳುವ ದನಿ ಅದು. ಪರದೆಯ ಸಂದಿಯಿಂದ ನನಗೆ ಅಪ್ಪನ ಕೈ ಕಾಣುತ್ತಿತ್ತು. ಸಲಾಕೆ ಹಿಡಿದ ಬೆರಳು ಗಾಳಿಯಲ್ಲೇ ನಿಂತವು.

“ಈಗೀಗ,” ಎಂದರು ಅಪ್ಪ.

“ಹೂಂ,” ಎಂದಳು ಅವ್ವ. ಹುಡುಗಿಯ ಗದ್ದ ಎತ್ತಿ, “ಬಾಯಿ ತಗೀ ತಂಗಿ, ಅಂಜಬ್ಯಾಡ. ನಿನ್ನ ಹಲ್ಲ ನಿನಗ ಇರ್ತಾವ” ಎಂದಳು. ಆ ಹುಡುಗಿ ಮತ್ತೆ ಮತ್ತೆ ಬಂದಳು, ಗುಣವಾಗಿ ಹೋದಳು. ಹೋಗುವಾಗ ಅವ್ವನ ಕಾಲು ಮುಟ್ಟಿದಳು, ಅಪ್ಪನದಲ್ಲ.

ಅದಾದ ಕೆಲವೇ ದಿನಗಳಲ್ಲಿ ಅಪ್ಪ ಅವ್ವನಿಗೆ ಹೊಸ ಕವಳಿ ಮಾಡಲು ಹಿಡಿದರು. ಅವಳ ಒಪ್ಪಿಗೆ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಮಂಗಳವೇಢೆಯ ಕಡೆಯ ರೋಗಿಗಳು ಬರದ ಒಂದು ಸಂತೆಯ ದಿನ ಅವಳನ್ನು ಕರೆದು ಕೂಡಿಸಿ ಅಚ್ಚು ತೆಗೆದರು. ಆಗಷ್ಟೇ ನಮ್ಮ ಊರಿಗೆ ಅಕ್ರಿಲಿಕ್ ಬಂದಿತ್ತು. ಗುಲಾಬಿ ಬಣ್ಣದ ಪುಡಿ, ಮೂಗಿಗೆ ಚುಚ್ಚುವ ವಾಸನೆಯ ನೀರಿನಂಥ ದ್ರವ. ಎರಡನ್ನೂ ಕಲಸಿ ಮುಚ್ಚಿಟ್ಟರೆ ಸ್ವಲ್ಪ ಹೊತ್ತಿಗೆ ಕಣಕದ ಹದಕ್ಕೆ ಬರುತ್ತಿತ್ತು. ಅದನ್ನು ಹಿತ್ತಾಳೆಯ ಅಚ್ಚಿನ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಅಪ್ಪ ಹಿಡಿಕಿ ಎನ್ನುತ್ತಿದ್ದ ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟು, ತಿರುಪು ಬಿಗಿದು, ನೀರಿನಲ್ಲಿ ಕುದಿಸಬೇಕು. ದವಾಖಾನೆಯ ಸ್ಟೋವು ಸಣ್ಣದು, ಆದ್ದರಿಂದ ಅದು ಕುದಿದದ್ದು ಅಡುಗೆಮನೆಯಲ್ಲಿ, ಅವ್ವನ ಕಣ್ಣೆದುರಿಗೇ, ಅವಳ ಹಬ್ಬದ ದೊಡ್ಡ ಪಾತ್ರೆಯಲ್ಲಿ. ಪೆಟ್ಟಿಗೆ ಆರಿದ ಮೇಲೆ ಅಪ್ಪ ಪ್ಲಾಸ್ಟರು ಒಡೆದು ಕವಳಿಯನ್ನು ಹೊರತೆಗೆದು, ಉಜ್ಜಿ ಹೊಳಪು ಮಾಡಿ, ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದರು. ಅದು ನಿಜವಾದ ಒಸಡಿನ ಬಣ್ಣದಲ್ಲಿತ್ತು. ಹಲ್ಲುಗಳನ್ನು ಅವರು ಒಂದೇ ಸಾಲಿಗೆ ಇಟ್ಟಿರಲಿಲ್ಲ. ಮುಂದಿನದೊಂದು ಎಳ್ಳಷ್ಟು ಪಕ್ಕದ ಹಲ್ಲಿನ ಮೇಲೆ ಏರಿತ್ತು. ಅವ್ವ ಆ ಹಲ್ಲಿನ ಮೇಲೆ ಬೆರಳಾಡಿಸಿದಳು. ಮದುವೆಯ ಹೊತ್ತಿಗೆ ಅವಳ ಹಲ್ಲು ಹಾಗೆಯೇ ಇತ್ತೆಂದು ಆಮೇಲೆ ಮಾವಶಿ ಹೇಳಿದಳು. ಅಪ್ಪ ಅದನ್ನು ನೆನಪಿಟ್ಟಿದ್ದರು.

ಹೊಸ ಕವಳಿಯಲ್ಲಿ ಅವ್ವನ ಕೆನ್ನೆ ತುಂಬಿತು, ತುಟಿ ಮುಂದೆ ಬಂತು, ಸಕಾರ ಸರಿಯಾಗಿ ಬಂತು. ಹೊಸ ಹೆಂಗಸೊಬ್ಬಳು ಮನೆಗೆ ಬಂದ ಹಾಗಿತ್ತು, ಮೊದಲು ನನಗೆ ಸಂಕೋಚವಾಯಿತು. ಆಮೇಲೆ ಒಂದು ಮಧ್ಯಾಹ್ನ, ನಾನು ಮಣೆಯ ಮೇಲೆ ಕುಳಿತಾಗ, ಅವ್ವ ತನ್ನ ತಾಟನ್ನೂ ತೆಗೆದುಕೊಂಡು ಬಂದು ನನ್ನ ಎದುರಿಗೆ ಕುಳಿತಳು. ಪುಂಡಿಪಲ್ಯ, ಬಿಸಿ ರೊಟ್ಟಿ, ಒಂದು ಹಸಿ ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಅವಳು ಕಚ್ಚಿದಾಗ ಕರಮ್ ಎಂದಿತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಅಷ್ಟು ಸಣ್ಣ ಸದ್ದಿಗೆ ಇಬ್ಬರೂ ನಕ್ಕೆವು. ಅವಳ ಕೈ ಸೆರಗಿನ ಕಡೆ ಅರ್ಧ ಹೋಗಿ, ಹಿಂದೆ ಬಂತು. ಪರದೆಯ ಆಚೆ ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು.

ಹೊಸ ವಸ್ತುವಿಗೆ ಹೊಸ ನಿಯಮ ಬಂತು. ಅಕ್ರಿಲಿಕ್ಕಿಗೆ ಬಿಸಿನೀರು ಆಗದು. ಗಂಡಸರಿಗೆ ಅಪ್ಪ ಹೇಳುತ್ತಿದ್ದರು. ಹೆಂಗಸರಿಗೆ ಹೇಳುವ ಕೆಲಸ ಅವ್ವನದು. ನಡುಮನೆಗೆ ಅವರನ್ನು ಕರೆದು, ಕವಳಿ ಹ್ಯಾಗೆ ತೆಗೆಯಬೇಕು, ಯಾವುದರಿಂದ ತಿಕ್ಕಬೇಕು, ಎಲ್ಲಿ ಇಡಬೇಕು ಎಂದು ತೋರಿಸುತ್ತಿದ್ದಳು. ಅವಳ ಮಾತು ನನಗೆ ಬಾಯಿಪಾಠವಾಗಿತ್ತು:

“ಮಲಗೂ ಮುಂದ ತಗದು ತಣ್ಣೀರಾಗ ಇಡ್ರೆವ್ವ. ಬಿಸಿನೀರು ಮುಟ್ಟಸಬ್ಯಾಡ್ರಿ. ಬಿಸಿನೀರು ಹಾಕಿದ್ರ ಸೊಟ್ಟ ಆಗ್ತಾವ, ಮತ್ತ ಬಾಯಾಗ ಕುಂದ್ರಂಗಿಲ್ಲ.”

ಅಪ್ಪನ ಸಂತೋಷಕ್ಕೆ ಒಂದು ಕೆಟ್ಟ ಗುಣ ಇತ್ತು. ಅದನ್ನು ಅವರು ಯಾರಿಗಾದರೂ ತೋರಿಸಬೇಕು. ರಬ್ಬರೇ ಸಾಕು, ಈ ಹೊಸದು ಒಡೆದುಹೋಗುತ್ತದೆ ಎಂದು ಯಾರಾದರೂ ಹಿಂಜರಿದರೆ ಅವರು ಪರದೆ ಸರಿಸಿ ಅವ್ವನನ್ನು ಕರೆಯುತ್ತಿದ್ದರು. “ಬಾ ಇಲ್ಲಿ. ಒಂದೀಟ ರೊಟ್ಟಿ ಕಡದ ತೋರ್ಸು ಇವರಿಗೆ.” ಅವ್ವ ಬುಟ್ಟಿಯಿಂದ ತುಂಡು ತೆಗೆದುಕೊಂಡು ಕಡಿಯುತ್ತಿದ್ದಳು, ನೆಲ ನೋಡುತ್ತ. “ನೋಡ್ರಿ, ನಮ್ಮ ಮನ್ಯಾಕಿ. ಎಲ್ಲಾ ಕಟ್ಟಿದ್ದ. ಗುರುತ ಹತ್ತತದೇನು?” ರೋಗಿಗಳು ಬಗ್ಗಿ ಅವಳ ಬಾಯಿ ನೋಡುತ್ತಿದ್ದರು. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಹೆಚ್ಚು. ಅವಳು ನನ್ನ ಎದುರಿಗೆ ಕುಳಿತು ಉಣ್ಣುವುದು ಮುಂದುವರಿಯಿತು, ಆದರೆ ಹೊರಗೆ ಯಾರಾದರೂ ಕೆಮ್ಮಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಕರೆ ಬರಬಹುದೆಂದು ಅವಳು ಕಾಯುತ್ತಿದ್ದಳು. ನಾನು ಅಪ್ಪನನ್ನು ಕೆಟ್ಟವರೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ತಾವು ತೆಗೆದದ್ದನ್ನು ತಿರುಗಿ ಕೊಟ್ಟದ್ದನ್ನು ಊರೆಲ್ಲ ನೋಡಲಿ ಎಂದು ಅವರು ಬಯಸುತ್ತಿದ್ದರು. ಅದನ್ನು ನೋಡಬೇಕಾದವಳು ಒಬ್ಬಳೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಅಕ್ಕಲಕೋಟೆಯಲ್ಲಿ ಸೋದರಮಾವನ ಮದುವೆ ಬಂತು. ಅವ್ವನ ತವರು ಹೊಲಮನೆ ಇದ್ದವರ ದೊಡ್ಡ ಮನೆ. ಅಂಗಳದಲ್ಲಿ ಜೋಳ ತುಂಬಿಡುವ ಹಗೇವು, ಎತ್ತು ಮೇಯುವ ಗೋದಲಿ, ಒಳಗೆ ಯಾವ ಹೊತ್ತಿಗೂ ಹೆಂಗಸರ ಸದ್ದು. ಆ ಮನೆಯಲ್ಲಿ ಅವ್ವ ಎಷ್ಟೋ ವರ್ಷಗಳಿಂದ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ಬಡಿಸುವ ನೆಪದಲ್ಲಿ ನಿಂತೇ ಇದ್ದು, ಕೊನೆಗೆ ಎಲ್ಲೋ ಮರೆಯಾಗುತ್ತಿದ್ದಳು. ಈ ಸಲ ಅವಳು ಅಕ್ಕನ ಪಕ್ಕದಲ್ಲಿ ಕುಳಿತಳು. ನಾನು ಅವಳ ಇನ್ನೊಂದು ಪಕ್ಕ.

“ಏ ನೋಡ್ರೇ ಈಕೀನ,” ಎಂದಳು ಮಾವಶಿ, “ಮದಲಗಿತ್ತಿ ಯಾರೋ ಗೊತ್ತಾಗವಲ್ದು. ಬಂದ ಮಂದಿ ತಪ್ಪಿ ಈಕೀಗೇ ಅಕ್ಕಿಕಾಳ ಹಾಕಿಬಿಟ್ಟಾರು!”

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಬಾಯಿ ಮುಚ್ಚದೆ ನಕ್ಕಳು. ಅವಳ ನಗುವಿಗೆ ದನಿ ಇತ್ತು, ಸ್ವಲ್ಪ ಒಡಕು ದನಿ. ನಾನು ಉಣ್ಣುವುದನ್ನು ಬಿಟ್ಟು ಅದನ್ನು ಕೇಳುತ್ತಿದ್ದೆ.

ಆಗ ಅಪ್ಪ ಬಂದರು. ಗಂಡಸರು ಹೆಂಗಸರ ಪಂಕ್ತಿಯ ಕಡೆ ಬರುವ ಪದ್ಧತಿ ಇಲ್ಲ. ಅವರ ಹಿಂದೆ ಪಡಸಾಲೆಯಿಂದ ಮಂಗಳವೇಢೆಯ ಒಬ್ಬ ದೂರದ ಕಾಕಾನ ದನಿ ಬರುತ್ತಿತ್ತು, “ತೋರ್ಸೋ ಮಾರಾಯಾ, ಬರೀ ಬಾಯಿಲೇ ಹೇಳಬ್ಯಾಡ.”

“ಏ,” ಎಂದರು ಅಪ್ಪ ಅವ್ವನಿಗೆ, ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, “ಒಂದ ಗಳಿಗಿ ಕವಳಿ ತಗದ ಕೊಡು. ಕಾಕಾ ನೋಡ್ತಾರಂತ. ಎಷ್ಟ ಹಗೂರ ಅದ ಅಂತ ನಂಬವಲ್ರು.”

ಅವ್ವ ತಲೆ ಎತ್ತಲಿಲ್ಲ. ಮಾವಶಿ, “ಊಟದಾಗ ಏನಪ್ಪಾ ಇದು ಸಣ್ಣ ಹುಡುಗರಂಗ,” ಎಂದಳು. ಅಪ್ಪ ಕೈ ಚಾಚಿಕೊಂಡೇ ನಿಂತಿದ್ದರು. ದವಾಖಾನೆಯಲ್ಲಿ ಸಲಾಕೆಗಾಗಿ ಚಾಚುವ ಹಾಗೆ. ಅವ್ವ ಸೆರಗು ಎಳೆದುಕೊಂಡು, ಗೋಡೆಗೆ ತಿರುಗಿ, ತೆಗೆದು, ತಾಟಿನ ಪಕ್ಕದ ನೀರಲ್ಲಿ ಅದ್ದಿ, ಕೊಟ್ಟಳು. ಅಪ್ಪ ಹೋದರು. ಸೆರಗು ಹಾಗೇ ಉಳಿಯಿತು. ಅವಳ ತಾಟಿನಲ್ಲಿ ಹೋಳಿಗೆ ಇತ್ತು, ಮುರಿದ ಹಪ್ಪಳ ಇತ್ತು. ಪಡಸಾಲೆಯಲ್ಲಿ ಕವಳಿ ಕೈಯಿಂದ ಕೈಗೆ ಹೋಗುತ್ತಿತ್ತು. “ಹಗೂರ ಅದನೋ!” “ಬಣ್ಣ ನೋಡೋ, ಬರೋಬರ ಒಸಡಿನಂಗ!” ಯಾರೋ ಅದರ ಎರಡೂ ತುಂಡುಗಳನ್ನು ಬೆರಳಲ್ಲಿ ಹಿಡಿದು ಟಕಟಕ ಆಡಿಸಿ ಮಾತಾಡಿಸಿರಬೇಕು, ಮಕ್ಕಳು ಗೊಳ್ಳೆಂದರು. ಪಂಕ್ತಿಯ ಹೆಂಗಸರೆಲ್ಲ ತಮ್ಮ ತಮ್ಮ ತಾಟು ನೋಡುತ್ತ ಉಂಡರು. ಮಾವಶಿ ನನ್ನ ಬೆನ್ನು ತಟ್ಟಿ, “ಹೋಗು ವಿಮಲಾ, ಇಸಕೊಂಡ ಬಾ” ಎಂದಳು. ನಾನು ಹೋಗಿ ಗಂಡಸರ ನಡುವೆ ನಿಂತು ಕೈ ಒಡ್ಡಿದೆ. ಯಾರೋ ನನ್ನ ಅಂಗೈಯಲ್ಲಿ ಅದನ್ನಿಟ್ಟರು. ಎಷ್ಟೋ ಕೈಗಳಲ್ಲಿ ಸುತ್ತಿ ಅದು ಬೆಚ್ಚಗಾಗಿತ್ತು. ನಿಜಕ್ಕೂ ಹಗುರವಾಗಿತ್ತು. ಹಿಂದಿರುಗುವಾಗ ಎರಡೂ ಕೈಯಿಂದ ಮುಚ್ಚಿಕೊಂಡು ನಡೆದೆ. ಅವ್ವ ಅದನ್ನು ತೆಗೆದುಕೊಂಡು ಸೆರಗಿನ ತುದಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ಹಾಕಿಕೊಳ್ಳಲಿಲ್ಲ. ಊರಿಗೆ ತಿರುಗಿ ಬರುವ ಬಸ್ಸಿನಲ್ಲೂ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ದವಾಖಾನೆ ತೆರೆಯಿತು. ಮೊದಲ ರೋಗಿಗೇ ಅಪ್ಪ ಅಕ್ರಿಲಿಕ್ಕಿನ ಗುಣ ಹೇಳತೊಡಗಿದ್ದು ಕೇಳಿಸಿತು. ನಾನು ಸಾಲೆಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದೆ. ಅಡುಗೆಮನೆಯಲ್ಲಿ ಸ್ಟೋವು ಉರಿಯುತ್ತಿತ್ತು, ಹಿತ್ತಾಳೆಯ ಭಗೋಣಿ ಅದರ ಮೇಲಿತ್ತು. ಅವ್ವ ಗೋಡೆಗೆ ಒರಗಿ ಕುಳಿತು ಅದನ್ನೇ ನೋಡುತ್ತಿದ್ದಳು. ಪರದೆಯ ಆಚೆಯಿಂದ ಕರೆ ಬಂತು.

“ಬಾ ಇಲ್ಲಿ ಒಂದೀಟ.”

“ಬರಾಕ ಆಗಂಗಿಲ್ರಿ. ಕುದಿಯಾಕ ಇಟ್ಟೀನಿ.”

“ಏನ ಇಟ್ಟೀದಿ?”

“ಕವಳಿ.”

ಅಪ್ಪ ಕೈಯಲ್ಲಿದ್ದದ್ದನ್ನು ಬಿಟ್ಟು ಒಳಗೆ ಬಂದರು. ಚಿಮಟಿಗೆಯಿಂದ ಒಂದೊಂದನ್ನೇ ಎತ್ತಿ ಹೊರತೆಗೆದರು. ಮೇಲಿನದು ಬಿಸಿಲಲ್ಲಿ ಒಣಗಿದ ಕಿತ್ತಳೆಯ ಸಿಪ್ಪೆಯ ಹಾಗೆ ಒಂದು ಕಡೆ ಮುದುಡಿಕೊಂಡಿತ್ತು. ಗುಲಾಬಿ ಬಣ್ಣ ಅಲ್ಲಲ್ಲಿ ಬೆಳ್ಳಗಾಗಿತ್ತು. ಪಕ್ಕದ ಹಲ್ಲಿನ ಮೇಲೆ ಎಳ್ಳಷ್ಟು ಏರಿದ್ದ ಹಲ್ಲು ಹಾಗೆಯೇ ಇತ್ತು.

“ಬಾಯಾಗ ಹೋಗಿದ್ದೆಲ್ಲಾ ಕುದಿಸಬೇಕಂತ ನೀವ ಹೇಳೀರಲ್ರಿ,” ಎಂದಳು ಅವ್ವ. ಹಳೆಯ ರಬ್ಬರಿನದು ಅವಳ ಬಾಯಲ್ಲಿತ್ತು, ಮಾತಿನ ನಡುವೆ ಟಕ್ ಎಂದಿತು. “ಊರ ಮಂದಿ ಕೈಯಾಗ ಹೋಗಿ ಬಂದಾವ.”

“ಇದನ್ನ ತಣ್ಣೀರಾಗ ಇಡ್ಬೇಕಂತ... ನಿನಗ ಗೊತ್ತಿಲ್ಲೇನು? ಮಂದೀಗೆ ನೀನ ಹೇಳ್ತೀಯಲ್ಲ.”

“ಕುದಿಯೂ ನೀರಾಗ ಹುಟ್ಟಿದ್ದಲ್ಲೇನ್ರಿ ಅದು? ನಾನ ನೋಡೀನಿ.”

“ಹಿಡಿಕಿ ಒಳಗ ಬಿಗಿದಿಟ್ಟಾಗ ಬ್ಯಾರೆ. ಬಿಚ್ಚಿದ ಮ್ಯಾಲ ಬ್ಯಾರೆ.” ರೋಗಿಗೆ ಹೇಳುವ ಹಾಗೆ ಶುರುಮಾಡಿದ ಮಾತು ಕೊನೆಗೆ ಬರುವಷ್ಟರಲ್ಲಿ ಬಹಳ ಸಣ್ಣದಾಗಿತ್ತು.

“ಹೌದ್ರಿ,” ಎಂದಳು ಅವ್ವ. “ಬ್ಯಾರೆ.”

ಅಪ್ಪ ಆ ಎರಡು ತುಂಡುಗಳನ್ನು ಒಂದರ ಮೇಲೊಂದು ಕೂಡಿಸಲು ನೋಡಿದರು. ಅವು ಕೂಡಲಿಲ್ಲ.

“ಇನ್ನೊಂದ ಮಾಡ್ತೀನಿ.”

“ನಾ ಹೇಳಿದಾಗ ಮಾಡ್ರಿ.”

ಅವರು ಹೋಗಿ ಪರದೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಯಂತ್ರದ ಗುಂಯ್‌ಗುಟ್ಟುವಿಕೆ ಶುರುವಾಯಿತು. ಅಪ್ಪ ಆ ದಿನ ರೋಗಿಗಳ ಜೊತೆ ಮಾತಾಡಲಿಲ್ಲ. ಅವ್ವ ಮುಂದೆ ಯಾವಾಗಲೋ ಹೇಳಿದಳು, ಅಪ್ಪ ಮಾಡಿಕೊಟ್ಟರು, ಅದನ್ನು ಯಾರ ಮುಂದೆಯೂ ತೋರಿಸಲಿಲ್ಲ, ಅವಳನ್ನು ಪರದೆಯ ಆಚೆಗೆ ಕರೆಯಲೂ ಇಲ್ಲ. ಅದೆಲ್ಲ ನಂತರದ್ದು. ನನ್ನೊಳಗೆ ಉಳಿದಿರುವುದು ಆ ದಿನದ ಮಧ್ಯಾಹ್ನ.

ಸಾಲೆಯಿಂದ ಬಂದೆ. ನಡುಮನೆಯಲ್ಲಿ ನನ್ನ ಮಣೆ ಇರಲಿಲ್ಲ. ಗೋಡೆಯ ಹತ್ತಿರದ ಆ ಜಾಗ ಸಾರಿಸಿ ಖಾಲಿ ಇತ್ತು. ಇನ್ನು ಎಲ್ಲ ಮೊದಲಿನಂತೆ ಎಂದುಕೊಂಡೇ ಬಂದಿದ್ದೆ, ಆದರೆ ಮೊದಲಿದ್ದ ಜಾಗವೂ ಇಲ್ಲದ್ದನ್ನು ಕಂಡು ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯಲಿಲ್ಲ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು.

“ವಿಮಲಾ, ಒಳಗ ಬಾ,” ಎಂದಳು ಅವ್ವ. “ಬಾಗಲಾ ಮುಂದ ಮಾಡು.”

ಮಾಡಿದೆ. ಒಳಗೆ ಎರಡು ಮಣೆ ಎದುರುಬದುರು ಇದ್ದವು. ಅವ್ವ ಮುಟಗಿ ಮಾಡಿದ್ದಳು. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಎಣ್ಣೆ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡುವುದು. ಹಲ್ಲು ಬರದ ಕೂಸುಗಳಿಗೂ, ಹಲ್ಲು ಹೋದವರಿಗೂ ಮಾಡುವಂಥದ್ದು. ಎರಡು ಮಾಡಿದ್ದಳು, ಎರಡರ ಮೇಲೂ ಅವಳ ನಾಲ್ಕು ಬೆರಳಿನ ಗುರುತು ಇತ್ತು. ಇಷ್ಟು ವರ್ಷ ಆ ಬಾಗಿಲಿನ ಹಿಂದೆ ಅವಳು ಉಂಡದ್ದು ಇದು. ಅವಳು ನನ್ನ ಕಡೆ ಒಮ್ಮೆ ನೋಡಿ, ಗೋಡೆಗೆ ತಿರುಗದೆ, ಸೆರಗು ಎಳೆಯದೆ, ಕವಳಿಯನ್ನು ತೆಗೆದು ಪಕ್ಕದ ನೀರಿನ ಬಟ್ಟಲಿನಲ್ಲಿ ಇಟ್ಟಳು. ಅವಳ ಮುಖ ಒಳಗೆ ಕುಸಿಯಿತು. ತುಟಿ ಮಡಚಿಕೊಂಡಿತು, ಗದ್ದ ಮೂಗಿನ ಹತ್ತಿರಕ್ಕೆ ಬಂತು, ಮೂವತ್ತೈದಾದರೂ ಆಗದ ನನ್ನ ಅವ್ವ ಮುದುಕಿಯಾದಳು. ನಾನು ನೋಡಿದೆ. ನೋಡಲು ಬಿಟ್ಟಳು. ಆಮೇಲೆ ಮುಟಗಿಯನ್ನು ಚಿವುಟಿ ಬಾಯಿಗಿಟ್ಟುಕೊಂಡು, ನಿಧಾನವಾಗಿ, ಒಸಡಿನಿಂದ ಉಂಡಳು. ನಾನೂ ಉಂಡೆ, ಅವಳಷ್ಟೇ ನಿಧಾನವಾಗಿ.

ಪರದೆಯ ಆಚೆ ಅಪ್ಪ ಸ್ಟೂಲು ಎಳೆದುಕೊಂಡ ಸದ್ದು ಬಂತು. ಒಂದು ರೊಟ್ಟಿ ಮುರಿಯಿತು. ಅವ್ವ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಆ ಕಡೆ ಕಿವಿಗೊಟ್ಟಳು, ನಾನೂ ಕಿವಿಗೊಟ್ಟೆ. ಎರಡನೆಯ ತುಂಡು ಮುರಿಯಲು ಅವರು ಬಹಳ ಹೊತ್ತು ತೆಗೆದುಕೊಂಡರು.